ಬಿಲ್ಲಿನ ತುದಿಗೊಂದು ಒಂಬತ್ತು

16.240 ಟನ್ ಅಂದರೆ ಎಷ್ಟು ಕಿಲೋ? ಸಾಲಿ ಹುಡುಗ 16,240 ಅನ್ನುತ್ತಾನೆ. ಕಬ್ಬಿನ ಬಿಲ್ಲು ತೆಗೆಯುವ ಪ್ರೋಗ್ರಾಂ 16,239 ಅಂದಿತ್ತು.

ಇದನ್ನು ಹಿಡಿದವರು ಮೂಡಲಗಿ ಕಡೆಯ ಒಬ್ಬ ರೈತರು. ಕಾಟಾ ಚೀಟಿ, ಬಿಲ್ಲು ಎರಡನ್ನೂ ಮೇಜಿನ ಮೇಲೆ ಜೋಡಿಸಿಟ್ಟು, “ಕಾಟಾದಾಗ ಸೊನ್ನಿ, ಬಿಲ್ಲಿನ್ಯಾಗ ಒಂಬತ್ತು. ಇದ್ಯಾವ ಲೆಕ್ಕಾರೀ ಸಾಹೇಬ್ರ?” ಎಂದರು. ಆ ಕಾಟಾ ಹತ್ತು ಕಿಲೋಗಿಂತ ಸಣ್ಣ ಲೆಕ್ಕ ತೋರಿಸುವುದೇ ಇಲ್ಲ. ಅಂದಮೇಲೆ ಕೊನೆಗೆ ಒಂಬತ್ತು ಬರುವ ಮಾತೇ ಇರಲಿಲ್ಲ. ಆಗಿನ ದರದಲ್ಲಿ ಒಂದು ಕಿಲೋ ಅಂದರೆ ಮೂರು ರೂಪಾಯಿ ಮೂವತ್ತು ಪೈಸೆ, ದುಡ್ಡು ದೊಡ್ಡದಲ್ಲ. ಆದರೆ 2025ರ ನವೆಂಬರಿನಲ್ಲಿ ಟನ್ನಿಗೆ 3,500 ರೂಪಾಯಿ ಬೇಕೆಂದು ಗುರ್ಲಾಪುರ ಕ್ರಾಸಿನಲ್ಲಿ ಹಗಲುರಾತ್ರಿ ಧರಣಿ ಕೂತು, ಕೊನೆಗೆ 3,300ರ ಮಾತಿಗೆ ಎದ್ದ ನಾಡು ಇದು. ಇಲ್ಲಿ ತೂಕದ ಮೇಲೆ ಸಂಶಯ ಬಂತೆಂದರೆ ಕಿಲೋಗೆ ನಿಲ್ಲುವುದಿಲ್ಲ.

ಗೋಕಾಕದ ನಮ್ಮ ಆಫೀಸಿನಲ್ಲಿ ಮೂರು ಮಂದಿ ಇದ್ದೇವೆ: ನಾನು, ಮೂಡಲಗಿಯ ಹುಡುಗ, ಹುಕ್ಕೇರಿಯಿಂದ ಬರುವ ಹುಡುಗಿ. ಬೇರೆ ಯಾರೋ ವರ್ಷಗಳ ಹಿಂದೆ ಸಿ ಪ್ಲಸ್ ಪ್ಲಸ್‌ನಲ್ಲಿ ಬರೆದಿಟ್ಟ ಈ ಪ್ರೋಗ್ರಾಮನ್ನು ನಾವು ನಡೆಸಿಕೊಂಡು ಹೋಗುತ್ತೇವೆ. ಕಾಟಾದಿಂದ ತೂಕ ಟನ್ನಿನ ದಶಮಾಂಶದಲ್ಲಿ ಬಂದು ‘ಡಬಲ್’ ಎಂಬ ದಶಮಾಂಶದ ಬಗೆಯಲ್ಲಿ ಕೂರುತ್ತಿತ್ತು. ಮುಂದೆ 1000ದಿಂದ ಗುಣಿಸಿ ‘ಇಂಟ್’ ಎಂಬ ಪೂರ್ಣಾಂಕಕ್ಕೆ ಹಾಕುತ್ತಿದ್ದರು. ಡಬಲ್‌ನಲ್ಲಿ ಆ ಗುಣಾಕಾರದ ಉತ್ತರ 16239.999999999998. ಇಂಟ್‌ಗೆ ಹೋಗುವಾಗ ಬಿಂದುವಿನ ನಂತರದ್ದು ಪೂರ್ತಿ ಕತ್ತರಿಸಿ ಹೋಗುತ್ತದೆ. ಕತ್ತರಿಸು ಎಂದು ಯಾರೂ ಬರೆದಿಲ್ಲ. ಭಾಷೆಯೇ ಸದ್ದಿಲ್ಲದೆ ಮಾಡಿ ಮುಗಿಸುತ್ತದೆ.

ಇಷ್ಟು ದಿನ ಏಕೆ ಸಿಗಲಿಲ್ಲ ಎಂಬುದೇ ನನಗೆ ಇದರಲ್ಲಿ ಹೆಚ್ಚು ರುಚಿಸಿದ ಭಾಗ. ಟೆಸ್ಟ್ ಮಾಡುವಾಗ ಎಲ್ಲರೂ 18 ಟನ್ನು, 22 ಟನ್ನಿನ ಟ್ರೇಲರ್ ಹಾಕಿ ನೋಡಿದ್ದರು. ಆ ತೂಕಗಳಲ್ಲಿ ಈ ತಪ್ಪು ಆಗುವುದೇ ಇಲ್ಲ. ಡಬಲ್ ಹಿಡಿಯಬಲ್ಲ ಸಂಖ್ಯೆಗಳ ನಡುವಿನ ಅಂತರ ಎರಡರ ಒಂದೊಂದು ಘಾತ ದಾಟಿದಾಗಲೂ ದುಪ್ಪಟ್ಟಾಗುತ್ತದೆ. 16 ಅಂಥದೊಂದು ಘಾತ, 16,384 ಇನ್ನೊಂದು. ತೂಕ 16 ಟನ್ ದಾಟಿತೆಂದರೆ ಟನ್ನಿನ ಕಡೆ ಅಂತರ ಹಿಗ್ಗಿರುತ್ತದೆ, ಕಿಲೋದ ಕಡೆ 16,384 ಮುಟ್ಟುವವರೆಗೆ ಹಿಗ್ಗಿರುವುದಿಲ್ಲ. ಈ ಸಂದಿನಲ್ಲಿ ಸಣ್ಣ ದೋಷವೂ ಎದ್ದು ಕಾಣುತ್ತದೆ. 16.384 ದಾಟಿದ ಮೇಲೆ 32 ಟನ್ನಿನವರೆಗೆ ಅದೇ ದೋಷ ಗುಣಾಕಾರದ ರೌಂಡಿಂಗಿನಲ್ಲಿ ಅಳಿಸಿಹೋಗುತ್ತದೆ. ಸಂದಿನೊಳಗೂ ಎಲ್ಲ ತೂಕ ಕೆಡುವುದಿಲ್ಲ: 16.200 ಸರಿ, 16.240 ತಪ್ಪು. ಎಷ್ಟು ಲೋಡು ಟೆಸ್ಟ್ ಮಾಡಿದರೂ ಸಿಗದೆ ಹೋಗಬಹುದಾದ ಇಂಥದ್ದನ್ನು ಕಂಪೈಲರ್ ಮಾತ್ರ, ಒಂದು ಗಾಡಿಯನ್ನೂ ತೂಗದೆ, ತೋರಿಸಬಲ್ಲದು.

ಜಿಸಿಸಿ ಕಂಪೈಲರಿನಲ್ಲಿ ಇದಕ್ಕೆಂದೇ ‘ಕನ್ವರ್ಶನ್’ ಎಂಬ ವಾರ್ನಿಂಗ್ ಇದೆ. ‘ವಾಲ್’ ಎಂದು ಕೊಟ್ಟರೆ ಎಲ್ಲವೂ ಬಂತು ಎಂದು ತಿಳಿದವರೇ ಹೆಚ್ಚು. ಇದು ಅದರಲ್ಲಿ ಸೇರಿಲ್ಲ, ಬೇರೆಯಾಗಿ ಕೇಳಬೇಕು. ಕೇಳಿದೆವು. ಪರದೆ ಹರಿಯುತ್ತಲೇ ಇತ್ತು, ಮಳೆಗಾಲದ ಗೋಕಾಕ ಫಾಲ್ಸಿನ ಹಾಗೆ. ಪ್ರಿಂಟರಿನ ಅಂಚಿನ ಅಳತೆ, ಬಣ್ಣದ ಸಂಖ್ಯೆ, ಪೋರ್ಟಿನ ವೇಗ ಎಲ್ಲವೂ ಒಂದೇ ದನಿಯಲ್ಲಿ ಕೂಗುತ್ತಿದ್ದವು. ತೂಕದ ಸಾಲು ಅವುಗಳ ನಡುವೆ ಎಲ್ಲೋ ಇತ್ತು. ಎರಡೇ ದಿನಕ್ಕೆ ಹುಡುಗರು ಅದನ್ನು ಓದುವುದು ಬಿಟ್ಟರು, ಅದು ಸಹಜವೇ.

ಹಾಗಾಗಿ ನಮ್ಮದೇ ವಾರ್ನಿಂಗ್ ಮಾಡಿಕೊಂಡೆವು. ತೂಕಕ್ಕೆ ‘ಕಿಲೋ’ ಎಂಬ ಪುಟ್ಟ ಸ್ಟ್ರಕ್ಟ್, ಒಳಗೊಂದು ಪೂರ್ಣಾಂಕ. ಅದು ತಾನಾಗಿ ಡಬಲ್ ಆಗುವ ಆಪರೇಟರನ್ನೂ, ಡಬಲ್ ತಾನಾಗಿ ಕಿಲೋ ಆಗುವ ಕನ್ಸ್ಟ್ರಕ್ಟರನ್ನೂ ತೆಗೆದುಹಾಕಲಿಲ್ಲ. ತೆಗೆದಿದ್ದರೆ ಹಳೆಯ ಕೋಡು ಅಂದೇ ಕಂಪೈಲ್ ಆಗುವುದು ನಿಲ್ಲುತ್ತಿತ್ತು, ಕಬ್ಬಿನ ಹಂಗಾಮಿನ ನಡುವೆ ಅದು ಆಗದ ಕೆಲಸ. ಬದಲಿಗೆ ಎರಡಕ್ಕೂ ‘ಡೆಪ್ರಿಕೇಟೆಡ್’ ಎಂಬ ಗುರುತು ಹಚ್ಚಿದೆವು. ಸಿ ಪ್ಲಸ್ ಪ್ಲಸ್ 14ರಿಂದ ಇದು ಭಾಷೆಯಲ್ಲೇ ಇದೆ, ಜೊತೆಗೆ ನಮ್ಮ ಮಾತನ್ನೂ ಬರೆಯಬಹುದು. ಹುಕ್ಕೇರಿಯ ಹುಡುಗಿ ಬರೆದಳು: “ಕಿಲೋ ದಶಮಾಂಶಕ್ಕ ಹೊಂಟೈತಿ. ಟನ್ ಬೇಕಂದ್ರ ಟನ್ ಅಂತ ಕೇಳ್ರಿ.” ಕಂಪೈಲರ್ ಅದನ್ನು ಇದ್ದಂತೆಯೇ ಒದರಿತು. ಟರ್ಮಿನಲ್ಲಿನಲ್ಲಿ ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾಗುತ್ತವೆ, ಅದಕ್ಕೇ ವಾಕ್ಯ ಚಿಕ್ಕದಾಗಿರಬೇಕು. ಕೋಡು ನಡೆಯುತ್ತಲೇ ಇತ್ತು, ತೂಕ ಎಲ್ಲೆಲ್ಲಿ ಸೋರುತ್ತದೋ ಅಷ್ಟು ಸಾಲು ಮಾತ್ರ ಕೂಗಿದವು. ಒಂದು ಮಧ್ಯಾಹ್ನ ಕೂತು ಓದಿ ಮುಗಿಸುವಷ್ಟು.

ತೊಡಕುಗಳೂ ಬಂದವು. ಇಂಟ್‌ಗೊಂದು, ಡಬಲ್‌ಗೊಂದು ಕನ್ಸ್ಟ್ರಕ್ಟರ್ ಇಟ್ಟಾಗ 64 ಬಿಟ್ಟಿನ ಪೂರ್ಣಾಂಕ ಬಂದರೆ ಕಂಪೈಲರ್ ಯಾವುದಕ್ಕೆ ಹೋಗಲಿ ಎಂದು ಗೊಂದಲಕ್ಕೆ ಬಿದ್ದು ನಿಂತೇಬಿಡುತ್ತದೆ. ಅದಕ್ಕೊಂದು ಟೆಂಪ್ಲೇಟು ಬೇಕಾಯಿತು. ಚೀಟಿ ಮುದ್ರಿಸುವ ‘ಪ್ರಿಂಟ್‌ಎಫ್’ಗೆ ಕಿಲೋ ಕೊಟ್ಟರೆ ನಮ್ಮ ಆಪರೇಟರ್ ಕೆಲಸಕ್ಕೇ ಬರುವುದಿಲ್ಲ, ಸ್ಟ್ರಕ್ಟು ಇದ್ದ ಹಾಗೇ ಹೋಗುತ್ತದೆ. ಅಲ್ಲಿ ಹಿಡಿದದ್ದು ‘ವಾಲ್’ನೊಳಗಿನ ಫಾರ್ಮ್ಯಾಟ್ ವಾರ್ನಿಂಗ್.

ಎಲ್ಲಕ್ಕಿಂತ ಕೆಟ್ಟ ತೊಡಕು ನಮ್ಮೊಳಗಿನದೇ. “ಸರ, ಕಾಸ್ಟ್ ಹಾಕೇನ್ರಿ, ಈಗ ಏನೂ ಒದರಂಗಿಲ್ಲ” ಎಂದು ಮೂಡಲಗಿಯ ಹುಡುಗ ಹಿಗ್ಗಿನಿಂದ ಬಂದ. ಕಾಸ್ಟ್ ಅಂದರೆ ಪರಿವರ್ತನೆ ಬೇಕೆಂದು ನಾವೇ ಬರೆದು ಹೇಳುವುದು. ಅದನ್ನು ಹಾಕಿದರೂ 16,239 ಹಾಗೇ ಇರುತ್ತದೆ, ಕೂಗು ಮಾತ್ರ ನಿಲ್ಲುತ್ತದೆ. 1996ರ ಜೂನ್ 4ರಂದು ಹಾರಿದ ನಿಮಿಷದೊಳಗೇ ಸಿಡಿದ ಏರಿಯಾನ್ 5 ರಾಕೆಟ್ಟಿನ ಕಥೆಯನ್ನು ಇದಕ್ಕೆ ಉದಾಹರಣೆಯಾಗಿ ಹೇಳುವವರು ಅರ್ಧ ಮಾತ್ರ ಹೇಳುತ್ತಾರೆ. ಅಲ್ಲಿ 64 ಬಿಟ್ಟಿನ ದಶಮಾಂಶ ಸಂಖ್ಯೆಯನ್ನು 16 ಬಿಟ್ಟಿನ ಪೂರ್ಣಾಂಕಕ್ಕೆ ತುರುಕಿದ್ದು ನಿಜ, ಆದರೆ ಬರೆದದ್ದು ಅಡಾ ಭಾಷೆಯಲ್ಲಿ. ಆ ಭಾಷೆಯಲ್ಲಿ ಇಂಥ ಪರಿವರ್ತನೆ ತಾನಾಗಿ ಆಗುವುದಿಲ್ಲ, ಬಾಯಿಬಿಟ್ಟು ಬರೆಯಬೇಕು. ಬರೆದಿದ್ದರು ಕೂಡ. ಆ ಜಾಗದಲ್ಲಿ ಸಂಖ್ಯೆ ಹಿಡಿಸುತ್ತದೆಯೇ ಎಂಬ ತಪಾಸಣೆ ಮಾತ್ರ ಇರಲಿಲ್ಲ. ಹುಡುಗ ಕಾಸ್ಟ್ ಹಾಕಿ ತಂದ ದಿನದಿಂದ ನಮ್ಮಲ್ಲಿ ತೂಕದ ಸಾಲಿಗೆ ಬರಿಯ ಕಾಸ್ಟ್ ಒಪ್ಪುವುದಿಲ್ಲ. ಹೆಸರಿರುವ ಫಂಕ್ಷನ್ನೇ ಬೇಕು, ಅದರೊಳಗೆ ರೌಂಡಿಂಗ್, ಮಿತಿಯ ತಪಾಸಣೆ ಎರಡೂ ಇರಬೇಕು.

ಹಂಗಾಮು ಮುಗಿದ ಮೇಲೆ ಆ ಎರಡು ‘ಡೆಪ್ರಿಕೇಟೆಡ್’ ಗುರುತು ಕಿತ್ತು ‘ಡಿಲೀಟ್’ ಎಂದು ಬರೆದೆವು. ಈಗ ತೂಕ ತಾನಾಗಿ ಬದಲಾದರೆ ಬಿಲ್ಡೇ ಆಗುವುದಿಲ್ಲ. ಕಾಟಾದಿಂದ ಬರುವ ಅಂಕಿಯನ್ನು ಡಬಲ್ ಮಾಡದೆ, ಅಕ್ಷರಗಳಿಂದ ನೇರ ಕಿಲೋದ ಪೂರ್ಣಾಂಕವಾಗಿ ಓದುತ್ತೇವೆ. ದರದ ಕಡೆ ಕೆಲಸ ಇನ್ನೂ ಬಾಕಿ. 19.99 ರೂಪಾಯಿಯನ್ನು ಪೈಸೆಗೆ ತಿರುಗಿಸಿ ಇಂಟ್‌ಗೆ ಹಾಕಿದರೆ ಅಲ್ಲಿಯೂ 1998 ಬರುತ್ತದೆ. ‘ಪೈಸೆ’ ಸ್ಟ್ರಕ್ಟಿಗೆ ಈ ವಾರ ಗುರುತು ಹಚ್ಚಿದ್ದೇವೆ. ಮೊದಲ ಕೂಗು ಬಂದದ್ದು ಸಾಗಾಣಿಕೆ ಕಡಿತದ ಸಾಲಿನಿಂದ.