ಲೆಕ್ಕಪುಸ್ತಕದಲ್ಲಿ ಸಣ್ಣ ಕಾರು: ವ್ಯಾಗನ್ ಆರ್‌ನ ಗುಣದೋಷಗಳು

ವರ್ತಕರು ಹಾಗೂ ಸಣ್ಣ ಉದ್ದಿಮೆದಾರರು ಸಂಸ್ಥೆಯ ಹೆಸರಿನಲ್ಲಿ ಕೊಳ್ಳುವ ಕಾರುಗಳಲ್ಲಿ ಮಾರುತಿ ವ್ಯಾಗನ್ ಆರ್ ಬಹುಕಾಲದಿಂದ ಪರಿಚಿತವಾದುದು. 1999ರ ಕೊನೆಯಲ್ಲಿ ಭಾರತದ ಮಾರುಕಟ್ಟೆಗೆ ಬಂದ ಈ ವಾಹನವು 2010 ಮತ್ತು 2019ರಲ್ಲಿ ಹೊಸ ರೂಪವನ್ನು ತಳೆಯಿತು. ಪೆಟ್ಟಿಗೆಯಂಥ ಅದರ ಆಕಾರ ಎಲ್ಲರಿಗೂ ಮೆಚ್ಚುಗೆಯಾಗಲಾರದು. ಆದರೆ ಆ ಎತ್ತರದಿಂದಾಗಿಯೇ ಪಂಚೆ ಉಟ್ಟ ಹಿರಿಯರೂ ಸೊಂಟ ಬಗ್ಗಿಸದೆ ಕುಳಿತುಕೊಳ್ಳಬಲ್ಲರು. 341 ಲೀಟರಿನ ಹಿಂಬದಿಯ ಜಾಗ, ಸಣ್ಣ ಊರುಗಳಲ್ಲಿಯೂ ದೊರೆಯುವ ದುರಸ್ತಿ ಮತ್ತು ಬಿಡಿಭಾಗ, ಮಿತವಾದ ಇಂಧನವೆಚ್ಚ ಇವು ಅದರ ನಿಜವಾದ ಬಲ.

ಕಾರು ಲೆಕ್ಕಪುಸ್ತಕಕ್ಕೆ ಬರುವಾಗ ಗಮನಿಸತಕ್ಕ ಅಂಶಗಳು ಬೇರೆಯೇ ಇವೆ. ಸಣ್ಣ ಪೆಟ್ರೋಲ್ ಕಾರಿನ ಮೇಲಿದ್ದ ಶೇ. 28ರ ಜಿ.ಎಸ್.ಟಿ. ಮತ್ತು ಶೇ. 1ರ ಸೆಸ್ 2025ರ ಸೆಪ್ಟೆಂಬರ್ 22ರಿಂದ ಶೇ. 18ಕ್ಕೆ ಇಳಿದಿದೆ. ಆದರೂ ಸಾಮಾನ್ಯ ವರ್ತಕನಿಗೆ ಈ ತೆರಿಗೆಯ ಹೂಡುವಳಿ ಜಮೆ ದೊರೆಯದು. ಅದರ ವಿಮೆ, ದುರಸ್ತಿಗಳ ಮೇಲಿನ ಜಮೆಯೂ ಇಲ್ಲ. ಕೊಂಡಾಗ ತೆತ್ತ ತೆರಿಗೆಯನ್ನು ಕಾರಿನ ಬೆಲೆಗೇ ಸೇರಿಸಿ, ಆದಾಯ ತೆರಿಗೆಗಾಗಿ ವರ್ಷಕ್ಕೆ ಶೇ. 15ರಂತೆ ಸವಕಳಿ ಕಳೆಯಬೇಕು. ಮೊದಲ ವರ್ಷದಲ್ಲಿ 180 ದಿನಗಳಿಗಿಂತ ಕಡಿಮೆ ಬಳಸಿದರೆ ಅದರ ಅರ್ಧ ಮಾತ್ರ. ಮಕ್ಕಳನ್ನು ಶಾಲೆಗೆ ಬಿಡುವ ಕಾರಿನ ಪೂರ್ಣ ವೆಚ್ಚವನ್ನು ವ್ಯಾಪಾರದ ಖಾತೆಗೆ ಹಾಕುವ ರೂಢಿಯು ಪರಿಶೀಲನೆಯಲ್ಲಿ ನಿಲ್ಲುವುದಿಲ್ಲ.

ಬಹುತೇಕರು ಮರೆಯುವುದು ಮಾರಾಟದ ದಿನವನ್ನು. ವ್ಯಾಗನ್ ಆರ್‌ನ ಹೆಚ್ಚಿನ ಗುಣವೆಂದರೆ ಹಳೆಯದಾದರೂ ಬೆಲೆ ಉಳಿಸಿಕೊಳ್ಳುವುದು. ಅಲ್ಲಿಯೇ ತೆರಿಗೆಯ ಪ್ರಶ್ನೆ ಏಳುತ್ತದೆ. ಉದಾಹರಣೆಗೆ, ರೂ. 6,00,000ಕ್ಕೆ ಕೊಂಡು ಐದು ವರ್ಷ ಪೂರ್ಣ ಸವಕಳಿ ಕಳೆದರೆ ಪುಸ್ತಕದಲ್ಲಿ ಉಳಿಯುವ ಮೌಲ್ಯ ರೂ. 2,66,223. ಕಾರು ರೂ. 3,25,000ಕ್ಕೆ ಮಾರಾಟವಾದರೆ ವ್ಯತ್ಯಾಸ ರೂ. 58,777. ನೋಂದಾಯಿತ ವರ್ತಕನು ಈ ವ್ಯತ್ಯಾಸದ ಮೇಲೆ ಶೇ. 18ರಂತೆ ಸುಮಾರು ರೂ. 10,580 ಜಿ.ಎಸ್.ಟಿ. ತೆರಬೇಕಾಗುತ್ತದೆ. ಸಣ್ಣ ಕಾರುಗಳಿಗೆ ಶೇ. 12 ಇದ್ದ ಈ ದರವು 2025ರ ಜನವರಿಯಲ್ಲಿ ಏರಿತು. ಪುಸ್ತಕ ಮೌಲ್ಯಕ್ಕಿಂತ ಕಡಿಮೆಗೆ ಮಾರಿದರೆ ತೆರಿಗೆ ಇಲ್ಲ. ಮಾರಾಟದ ಹಣವನ್ನು ಆದಾಯ ತೆರಿಗೆಯ ಆಸ್ತಿಸಮೂಹದಿಂದಲೂ ಕಳೆಯಬೇಕು.

ಪುಸ್ತಕದಲ್ಲಿ ಕಾಣದ ದೋಷವೊಂದಿದೆ, ಅದೇ ಗುರುತರವಾದುದು. 2023ರ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಈ ಕಾರಿಗೆ ವಯಸ್ಕರ ರಕ್ಷಣೆಯಲ್ಲಿ ಒಂದೇ ನಕ್ಷತ್ರ, ಮಕ್ಕಳ ರಕ್ಷಣೆಯಲ್ಲಿ ಸೊನ್ನೆ ದೊರೆಯಿತು. 2025ರಲ್ಲಿ ಆರು ಏರ್‌ಬ್ಯಾಗುಗಳು ಎಲ್ಲ ಮಾದರಿಗಳಿಗೂ ಬಂದುವು. ಇದು ಸ್ವಾಗತಾರ್ಹ, ಆದರೆ ಕಾರಿನ ಕವಚವನ್ನು ಏರ್‌ಬ್ಯಾಗು ಗಟ್ಟಿಮಾಡದು. ಬ್ಯಾಂಕು, ವಸೂಲಿ, ಕಚೇರಿಗಳ ಓಡಾಟಕ್ಕೆ ಈ ಕಾರು ಧಾರಾಳವಾಗಿ ಸಾಕು. ಮಾರಾಟ ಪ್ರತಿನಿಧಿಯು ದಿನವೂ ಹೆದ್ದಾರಿಯಲ್ಲಿ ಇನ್ನೂರು ಕಿಲೋಮೀಟರು ಹೋಗುವ ಸಂಸ್ಥೆಯು ಹೆಚ್ಚು ಬೆಲೆಯಾದರೂ ಉತ್ತಮ ನಕ್ಷತ್ರಗಳುಳ್ಳ ಕಾರನ್ನೇ ಕೊಳ್ಳುವುದು ಸರಿ.

ಸಿ.ಎನ್.ಜಿ. ಮಾದರಿಯಲ್ಲಿ ಇಂಧನ ಉಳಿಯುತ್ತದೆ, ಆದರೆ ಸಿಲಿಂಡರು ಹಿಂಬದಿಯ ಜಾಗವನ್ನೆಲ್ಲ ನುಂಗುತ್ತದೆ. ಮಾದರಿ ಸರಕಿನ ಚೀಲಕ್ಕೂ ಎಡೆಯಿರದು. ನಿತ್ಯ ಸರಕು ಸಾಗಿಸುವ ಅಗತ್ಯವಿದ್ದಲ್ಲಿ ಸಣ್ಣ ಸರಕು ವಾಹನವನ್ನೇ ಕೊಳ್ಳಬೇಕು. ಅದಕ್ಕೆ ತೆತ್ತ ಜಿ.ಎಸ್.ಟಿ.ಯ ಜಮೆಯೂ ದೊರೆಯುತ್ತದೆ.