ಪಿಕಪ್‌ನ ಎ.ಸಿ. ವೀಕ್ ಆಗಿದ್ಯಾ? ಗ್ಯಾಸ್ ತುಂಬಿಸೋ ಮೊದಲು ಇದನ್ನ ಓದಿ

"ಕೊಡಗಲ್ಲಿ ಎ.ಸಿ. ಯಾಕ್ರೋ?" ಬೆಂಗಳೂರಿನ ಫ್ರೆಂಡ್ಸ್ ಎಲ್ಲರೂ ಕೇಳೋ ಪ್ರಶ್ನೆ ಇದು. ಉತ್ತರ ಬೇಕಿದ್ರೆ ಜುಲೈ ತಿಂಗಳ ಒಂದು ರಾತ್ರಿ ಸಂಪಾಜೆ ಘಾಟಿಯಲ್ಲಿ ಗಾಡಿ ಓಡಿಸಿ ನೋಡಬೇಕು. ಹೊರಗೆ ಮಳೆ, ಮಂಜು. ಒಳಗೆ ಐದು ಜನರ ಉಸಿರು, ಒದ್ದೆ ಕೊಡೆ, ಒದ್ದೆ ಜರ್ಕಿನ್. ಎರಡೇ ನಿಮಿಷದಲ್ಲಿ ಮುಂದಿನ ಗಾಜು ಹಾಲು ಚೆಲ್ಲಿದ ಹಾಗೆ ಬೆಳ್ಳಗಾಗುತ್ತೆ. ಆಗ ಗಾಜನ್ನು ಬೇಗ ತಿಳಿಯಾಗಿಸೋದು ಎ.ಸಿ.ಯೇ.

ನಮ್ಮ ಗುಂಪಿನ ಒಬ್ಬನ ಮನೆಯಲ್ಲಿ ಡಬಲ್ ಕ್ಯಾಬ್ ಪಿಕಪ್ ಇದೆ. ಬೆಳಿಗ್ಗೆ ತೋಟಕ್ಕೆ ಗೊಬ್ಬರದ ಮೂಟೆ, ಸಂಜೆ ಪೇಟೆಗೆ ಸಾಮಾನು, ತಿಂಗಳಿಗೊಮ್ಮೆ ಅಜ್ಜಿಯನ್ನು ಮಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗೋದು, ಎಲ್ಲಕ್ಕೂ ಅದೇ ಗಾಡಿ. ಈ ಮಳೆಗಾಲದಲ್ಲಿ ವಾಪಸ್ ಬರುವಾಗ ಒಂದು ತಿರುವಿನಲ್ಲಿ ಗಾಜು ಪೂರ್ತಿ ಮಂಜಾಗಿ, ಅವನ ಅಪ್ಪ ಒಂದು ಕೈಯಲ್ಲಿ ಗಾಜು ಒರೆಸ್ತಾ ಒಂದು ಕೈಯಲ್ಲಿ ಸ್ಟೀರಿಂಗ್ ತಿರುಗಿಸಿದರಂತೆ. ಎದುರಿನ ಲಾರಿ ಕಂಡಿದ್ದು ಹತ್ತಿರ ಬಂದ ಮೇಲೇ. ಏನೂ ಆಗಲಿಲ್ಲ, ಸದ್ಯ. ಆದ್ರೆ ಅಷ್ಟರಲ್ಲಿ ಎ.ಸಿ.ಗೆ ಎರಡು ಸಲ ಗ್ಯಾಸ್ ತುಂಬಿಸಿ ಆಗಿತ್ತು! ಆ ಭಾನುವಾರ ನಾವು ನಾಲ್ಕು ಜನ ಮೆಕ್ಯಾನಿಕಲ್‌ನವರು ಟೂಲ್ ಬಾಕ್ಸ್ ಹಿಡಿದುಕೊಂಡು ಅವರ ಮನೆಗೆ ಹೋದೆವು. ಅಲ್ಲಿ ಕಲಿತದ್ದನ್ನ ಇಲ್ಲಿ ಬರೀತಿದ್ದೇವೆ.

ಮೊದಲು ಸ್ವಲ್ಪ ಥರ್ಮೋ

ಎ.ಸಿ. ತಂಪನ್ನು ತಯಾರಿಸೋದಿಲ್ಲ. ಒಳಗಿನ ಶಾಖವನ್ನು ಹೊತ್ತುಕೊಂಡು ಹೋಗಿ ಹೊರಗೆ ಬಿಡುತ್ತೆ, ಅಷ್ಟೇ. ನಮ್ಮ ರಸ್ತೆಗಳಲ್ಲಿ ಓಡೋ ಹೆಚ್ಚಿನ ಗಾಡಿಗಳಲ್ಲಿ ಈ ಕೆಲಸ ಮಾಡೋದು ಆರ್-134ಎ ಅನ್ನೋ ರೆಫ್ರಿಜರೆಂಟ್. ಸಾಮಾನ್ಯ ವಾತಾವರಣದ ಒತ್ತಡದಲ್ಲಿ ಇದು ಸುಮಾರು ಮೈನಸ್ 26 ಡಿಗ್ರಿಗೇ ಕುದಿಯುತ್ತೆ; ಗೇಜ್‌ನಲ್ಲಿ 30 ಪಿಎಸ್‌ಐ ಇದ್ದರೆ ಸುಮಾರು 2 ಡಿಗ್ರಿಗೆ. ಕಂಪ್ರೆಸರ್ ಇದನ್ನು ಒತ್ತುತ್ತೆ, ರೇಡಿಯೇಟರ್ ಮುಂದಿರುವ ಕಂಡೆನ್ಸರ್‌ನಲ್ಲಿ ಇದು ಶಾಖ ಬಿಟ್ಟು ದ್ರವ ಆಗುತ್ತೆ, ಎಕ್ಸ್‌ಪ್ಯಾನ್ಷನ್ ವಾಲ್ವ್ ದಾಟಿದ ಮೇಲೆ ಒತ್ತಡ ಬಿದ್ದು, ಡ್ಯಾಶ್‌ಬೋರ್ಡ್ ಒಳಗಿನ ಇವ್ಯಾಪೊರೇಟರ್‌ನಲ್ಲಿ ಕುದಿದು ಶಾಖ ಹೀರುತ್ತೆ. ಬ್ಲೋವರ್ ಗಾಳಿ ಅದರ ಮೇಲೆ ಹಾದು ನಮ್ಮ ಮುಖಕ್ಕೆ ಬರುತ್ತೆ.

ಈಗ ಮಂಜಿನ ಲೆಕ್ಕ. 20 ಡಿಗ್ರಿಯ ಒಂದು ಘನ ಮೀಟರ್ ಗಾಳಿ ಸುಮಾರು 17 ಗ್ರಾಂ ನೀರಾವಿ ಹಿಡಿದುಕೊಳ್ಳಬಲ್ಲದು. 8 ಡಿಗ್ರಿಯಲ್ಲಿ ಸುಮಾರು 8 ಗ್ರಾಂ ಮಾತ್ರ. ಉಳಿದ 9 ಗ್ರಾಂ ಇವ್ಯಾಪೊರೇಟರ್ ಮೇಲೆ ನೀರಾಗಿ ಇಳಿದು ಡ್ರೈನ್ ಪೈಪ್‌ನಿಂದ ಹೊರಗೆ ಹೋಗುತ್ತೆ. ಒಣಗಿದ ಆ ಗಾಳಿಯನ್ನು ಹೀಟರ್‌ನಿಂದ ಸ್ವಲ್ಪ ಬಿಸಿ ಮಾಡಿ ಗಾಜಿಗೆ ಬಿಟ್ಟರೆ ಮಂಜು ಹೋಗುತ್ತೆ. ಅದಕ್ಕೇ ಮಳೆಯಲ್ಲಿ ಎ.ಸಿ. ಮತ್ತು ಹೀಟರ್ ಎರಡನ್ನೂ ಒಟ್ಟಿಗೆ ಹಾಕೋದು. ಇದು ವಿಚಿತ್ರ ಅನ್ನಿಸಬಹುದು. ಆದ್ರೆ 1902ರಲ್ಲಿ ವಿಲ್ಲಿಸ್ ಕ್ಯಾರಿಯರ್ ತನ್ನ ಮೊದಲ ಏರ್ ಕಂಡೀಷನಿಂಗ್ ವ್ಯವಸ್ಥೆಯನ್ನು ರೂಪಿಸಿದ್ದೇ ನ್ಯೂಯಾರ್ಕಿನ ಒಂದು ಪ್ರಿಂಟಿಂಗ್ ಪ್ರೆಸ್‌ನ ತೇವಾಂಶ ಹಿಡಿತಕ್ಕೆ ತರೋದಕ್ಕೆ!

ಟೂಲ್ ಹಿಡಿಯೋ ಮೊದಲು ಐದು ಪ್ರಶ್ನೆ

1. ಗಾಳಿ ಕಮ್ಮಿಯಾ, ತಂಪು ಕಮ್ಮಿಯಾ? ಇವೆರಡೂ ಬೇರೆ ಬೇರೆ ಕಾಯಿಲೆ. ಗಾಳಿ ಜೋರಾಗಿದ್ದು ಬೆಚ್ಚಗಿದ್ದರೆ ಗ್ಯಾಸ್, ಕಂಪ್ರೆಸರ್, ಕಂಡೆನ್ಸರ್ ಕಡೆ ನೋಡಿ. ಗಾಳಿ ತಂಪಾಗಿದ್ದು ಕಮ್ಮಿ ಬರ್ತಿದ್ದರೆ ಬ್ಲೋವರ್, ಫಿಲ್ಟರ್, ಇವ್ಯಾಪೊರೇಟರ್ ಕಡೆ.

2. ಗಾಡಿ ಓಡುವಾಗ ತಂಪಿದ್ದು ನಿಂತಾಗ ಹೋಗುತ್ತಾ? ಹಾಗಾದ್ರೆ ಕಂಡೆನ್ಸರ್ ಮೇಲೆ ಮಣ್ಣು ಕೂತಿರಬಹುದು, ಅಥವಾ ಫ್ಯಾನ್ ಸರಿಯಾಗಿ ತಿರುಗ್ತಿಲ್ಲ. ತೋಟದ ಗಾಡಿಗಳಲ್ಲಿ ಇದು ತುಂಬಾ ಕಾಮನ್. ತೊಳೆಯುವಾಗ ಸಾದಾ ಪೈಪ್ ನೀರು ಸಾಕು. ಪ್ರೆಷರ್ ವಾಷರ್ ಹತ್ತಿರ ಹಿಡಿದರೆ ಫಿನ್‌ಗಳು ಮಡಚಿಕೊಳ್ಳುತ್ತವೆ.

3. ಹೀಟರ್ ನಾಬ್ ಪೂರ್ತಿ ಕೋಲ್ಡ್ ಕಡೆ ಇದ್ದರೂ ಬಿಸಿ ಗಾಳಿ ಸೇರ್ತಿದ್ಯಾ? ಒಳಗಿನ ಫ್ಲಾಪ್ ಸಿಕ್ಕಿಹಾಕಿಕೊಂಡಿರಬಹುದು.

4. ಪೈಪ್ ಜಾಯಿಂಟ್‌ಗಳಲ್ಲಿ ಎಣ್ಣೆ ಜಿಡ್ಡು ಇದ್ಯಾ? ಗ್ಯಾಸ್ ಜೊತೆ ಕಂಪ್ರೆಸರ್ ಎಣ್ಣೆಯೂ ಓಡಾಡುತ್ತೆ, ಹಾಗಾಗಿ ಜಿಡ್ಡು ಅಂದ್ರೆ ಲೀಕ್.

5. ಗಾಡಿ ಅಡಿಯಲ್ಲಿ ನೀರು ತೊಟ್ಟಿಕ್ಕುತ್ತಾ? ಮಳೆಗಾಲದಲ್ಲಿ ಎ.ಸಿ. ಹಾಕಿ ಹತ್ತು ನಿಮಿಷ ಆದರೂ ತೊಟ್ಟಿಕ್ಕದಿದ್ದರೆ ಏನೋ ಎಡವಟ್ಟಾಗಿದೆ ಅಂತಲೇ ಅರ್ಥ.

ನಮ್ಮ ಗಾಡಿಯ ಉತ್ತರಗಳು: ಗಾಳಿ ಕಮ್ಮಿ, ಜಿಡ್ಡು ಎಲ್ಲೂ ಇಲ್ಲ, ಶೆಡ್ ನೆಲ ಒಣಕಲು.

ಮೂಲೆಯಲ್ಲಿ ಕೂತಿದ್ದ ಅಜ್ಜಿ ಆಗ ಹೇಳಿದರು, "ನಾನು ಮೂರು ವಾರದಿಂದ ಹೇಳ್ತಾ ಇದ್ದೇನೆ, ನನ್ನ ಕಾಲಡಿ ಒದ್ದೆ ಅಂತ. ಯಾರು ಕೇಳ್ತಾರೆ ಮಕ್ಕಳೇ?" ಮನೆಯವರು ಅದು ಕೊಡೆಯ ನೀರು ಅಂದುಕೊಂಡಿದ್ದರು. ನಾವು ಎಡಗಡೆಯ ಮ್ಯಾಟ್ ಎತ್ತಿದರೆ ಕೆಳಗಿನ ಕಾರ್ಪೆಟ್ ಹಿಂಡುವಷ್ಟು ಒದ್ದೆ. ಅಂದರೆ ಗಾಳಿಯಿಂದ ತೆಗೆದ ನೀರು ಹೊರಗೆ ಹೋಗದೆ ಮತ್ತೆ ಕ್ಯಾಬಿನ್‌ಗೇ ಬೀಳ್ತಿತ್ತು, ಅದೇ ಆವಿಯಾಗಿ ಗಾಜಿಗೆ ಕೂರ್ತಿತ್ತು.

ಡ್ಯಾಶ್‌ಬೋರ್ಡ್ ಒಳಗೆ ಏನಿತ್ತು?

ಗ್ಲೋವ್ ಬಾಕ್ಸ್ ಬಿಚ್ಚಿ ಬ್ಲೋವರ್ ಇಳಿಸಿದೆವು. ಇವ್ಯಾಪೊರೇಟರ್ ಮುಖದ ಮುಕ್ಕಾಲು ಭಾಗ ಸಿಲ್ವರ್ ಓಕ್ ಎಲೆ, ಸೀಟಿನ ಸ್ಪಂಜು, ಚಿಂದಿ ಬಟ್ಟೆ. ಇಲಿಯ ಗೂಡು! ಈ ಗಾಡಿಗೆ ಕ್ಯಾಬಿನ್ ಫಿಲ್ಟರ್ ಇರಲೇ ಇಲ್ಲ. ವೈಪರ್ ಕೆಳಗಿನ ಜಾಲರಿಯಿಂದ ಬಿದ್ದ ಎಲೆ ನೇರ ಒಳಗೆ. ಡ್ರೈನ್ ತೂತಿನಲ್ಲಿ ಎಲೆಯ ಗೊಜ್ಜು. ಇಂಥದ್ದನ್ನು ಬರಿಗೈಯಲ್ಲಿ ಮುಟ್ಟಬೇಡಿ. ಇಲಿಜ್ವರ ಇಲಿ ಮೂತ್ರದಿಂದಲೇ ಬರೋದು, ಮಳೆಗಾಲದಲ್ಲಿ ಇನ್ನೂ ಜಾಸ್ತಿ. ಗ್ಲೋವ್ಸ್, ಮಾಸ್ಕ್ ಹಾಕಿಕೊಂಡು, ಮೊದಲು ಸೋಂಕುನಾಶಕ ಸಿಂಪಡಿಸಿ, ಆಮೇಲೆ ತೆಗೆದೆವು.

ಹಾಗಾದ್ರೆ ಎರಡು ಸಲ ಗ್ಯಾಸ್ ಯಾಕೆ ತುಂಬಿದರು? ಇದೇ ಪಾಠದ ಮುಖ್ಯ ಭಾಗ. ಇವ್ಯಾಪೊರೇಟರ್ ಮೇಲೆ ಗಾಳಿ ಹಾಯದಿದ್ದರೆ ರೆಫ್ರಿಜರೆಂಟ್‌ಗೆ ಹೀರೋಕೆ ಶಾಖವೇ ಸಿಗಲ್ಲ, ಲೋ ಸೈಡ್ ಒತ್ತಡ ಇಳಿಯುತ್ತೆ, ಕಂಪ್ರೆಸರ್ ಕ್ಲಚ್ ಟಕ್ ಟಕ್ ಅಂತ ಹತ್ತಿ ಆರುತ್ತೆ. ಗ್ಯಾಸ್ ಕಮ್ಮಿ ಆದಾಗಲೂ ಹೀಗೇ! ಗೇಜ್ ಒಂದನ್ನೇ ನೋಡಿದರೆ ಯಾರಾದರೂ ಮೋಸ ಹೋಗ್ತಾರೆ. ವ್ಯತ್ಯಾಸ ಗೊತ್ತಾಗೋದು ಇವ್ಯಾಪೊರೇಟರ್‌ನಿಂದ ವಾಪಸ್ ಬರೋ ದಪ್ಪ ಪೈಪ್ ಮುಟ್ಟಿದಾಗ. ಗ್ಯಾಸ್ ಕಮ್ಮಿ ಇದ್ದರೆ ಅದು ಬೆಚ್ಚಗಿರುತ್ತೆ. ಗಾಳಿ ಕಟ್ಟಿದ್ದರೆ ತಣ್ಣಗೆ ಬೆವರುತ್ತೆ, ಕೆಲವೊಮ್ಮೆ ಹಿಮವೂ ಕಟ್ಟುತ್ತೆ. ಮುಟ್ಟುವಾಗ ಬೆಲ್ಟ್, ಫ್ಯಾನ್‌ನಿಂದ ಕೈ ದೂರ ಇರಲಿ.

ಕ್ಲೀನ್ ಮಾಡಿ ಜೋಡಿಸಿದ ಮೇಲೆ ಗಾಳಿ ಜೋರಾಗಿ ಬಂತು, ಆದ್ರೆ ಪೂರ್ತಿ ತಂಪಿಲ್ಲ. ವೆಂಟ್‌ನಲ್ಲಿ ಇಟ್ಟ ಥರ್ಮಾಮೀಟರ್ 15 ಡಿಗ್ರಿ ತೋರಿಸ್ತು. ಈಗ ಕಾರಣ ಉಲ್ಟಾ: ಗ್ಯಾಸ್ ಜಾಸ್ತಿ! ಹೆಚ್ಚಾದ ದ್ರವ ಕಂಡೆನ್ಸರ್‌ನಲ್ಲೇ ತುಂಬಿಕೊಂಡು ಶಾಖ ಬಿಡೋ ಜಾಗ ಕಮ್ಮಿ ಮಾಡುತ್ತೆ. ಇದನ್ನು ನಾವು ಮುಟ್ಟಲಿಲ್ಲ. ಗ್ಯಾಸ್ ಚರ್ಮಕ್ಕೆ, ಕಣ್ಣಿಗೆ ತಾಗಿದರೆ ಹಿಮಗಾಯ ಆಗುತ್ತೆ; ಗಾಳಿಗೆ ಬಿಟ್ಟರೆ ಇಂಗಾಲದ ಡೈಆಕ್ಸೈಡ್‌ಗಿಂತ ಸಾವಿರಕ್ಕೂ ಹೆಚ್ಚು ಪಟ್ಟು ಭೂಮಿಯನ್ನು ಬಿಸಿ ಮಾಡುತ್ತೆ. ರಿಕವರಿ ಮೆಷಿನ್ ಇರುವ ಕಡೆ ಹೋಗಿ, ಇದ್ದ ಗ್ಯಾಸ್ ಪೂರ್ತಿ ತೆಗೆಸಿ, ಬಾನೆಟ್ ಒಳಗಿನ ಸ್ಟಿಕ್ಕರ್‌ನಲ್ಲಿದ್ದಷ್ಟೇ ಗ್ರಾಂ ತೂಕ ಹಾಕಿ ತುಂಬಿಸಿದೆವು. ವೆಂಟ್‌ನಲ್ಲಿ 7 ಡಿಗ್ರಿ.

ನಮ್ಮೂರಿಗೆ ಮಾತ್ರ ಒಂದು ಟಿಪ್

ಗ್ಯಾಸ್ ತುಂಬೋ ಮೊದಲು ಪಂಪ್ ಹಾಕಿ ವ್ಯಾಕ್ಯೂಮ್ ಮಾಡ್ತಾರೆ. ಮಂಗಳೂರಿನಲ್ಲಿ ಗೇಜ್ 29 ಇಂಚು ದಾಟುತ್ತೆ. ಮಡಿಕೇರಿ ಸಮುದ್ರ ಮಟ್ಟದಿಂದ 1,100 ಮೀಟರ್‌ಗೂ ಮೇಲಿದೆ, ಇಲ್ಲಿ ವಾತಾವರಣದ ಒತ್ತಡವೇ ಕಮ್ಮಿ, ಹಾಗಾಗಿ ಸುಮಾರು 26ಕ್ಕೇ ನಿಲ್ಲುತ್ತೆ. ಅದು ಲೀಕ್ ಅಲ್ಲ. ಪಂಪ್ ನಿಲ್ಲಿಸಿದ ಮೇಲೆ ಮುಳ್ಳು ವಾಪಸ್ ಬಂದರೆ ಮಾತ್ರ ಅನುಮಾನ ಪಡಿ.

ಕೊನೆಗೆ, ಎ.ಸಿ. ಒಂದು ಮುಚ್ಚಿದ ವ್ಯವಸ್ಥೆ. ಪೆಟ್ರೋಲ್ ಹಾಗೆ ಗ್ಯಾಸ್ ಖರ್ಚಾಗೋದಿಲ್ಲ. "ಕಮ್ಮಿ ಆಗಿದೆ, ತುಂಬಿಸಿ" ಅಂದರೆ "ಎಲ್ಲಿ ಹೋಯ್ತು?" ಅಂತ ಕೇಳಿ. ವೈಪರ್ ಕೆಳಗಿನ ಜಾಲರಿಯ ಎಲೆಯನ್ನು ವಾರಕ್ಕೊಮ್ಮೆ ತೆಗೀರಿ.

ಮುಂದಿನ ತಿಂಗಳು ಮಂಗಳೂರಿನಿಂದ ವಾಪಸ್ ಬರುವಾಗಲೂ ಘಾಟಿಯಲ್ಲಿ ಮಳೆಯೇ. ಗಾಜು ತಿಳಿಯಾಗಿತ್ತಂತೆ. ಅಜ್ಜಿ ಫೋನ್ ಮಾಡಿ ನಮಗೆ ಹೇಳಿದ್ದು ಮಾತ್ರ ಗಾಜಿನ ವಿಷಯ ಅಲ್ಲ: "ಕಾಲು ಒಣಗಿದೆ ಮಕ್ಕಳೇ." ಗಾಡಿಯಲ್ಲಿ ಕೂರೋರು ಹೇಳೋದನ್ನ ಮೊದಲು ಕೇಳಬೇಕು, ಗೇಜ್ ಆಮೇಲೆ. ಇದು ನಮ್ಮ ಸಿಲಬಸ್‌ನಲ್ಲಿ ಇರಲಿಲ್ಲ.