ಲಕ್ಷಣವಾಕ್ಯವೂ ಯಂತ್ರಬುದ್ಧಿಯ ಉಪಕರಣವೂ

ಒಂದು ವಿಷಯವನ್ನು ಚೆನ್ನಾಗಿ ಬಲ್ಲವರೆಲ್ಲರೂ ಅದನ್ನು ಅನ್ಯರಿಗೆ ತಿಳಿಯುವಂತೆ ಹೇಳಬಲ್ಲರೆಂಬ ನಿಯಮವಿಲ್ಲ. ಅರಿಯುವುದು ಒಂದು, ಅರುಹುವುದು ಮತ್ತೊಂದು. ಇದನ್ನು ಮನಗಂಡೇ ಪ್ರಾಚೀನರು ಶಾಸ್ತ್ರನಿರೂಪಣೆಗೆ ಒಂದು ಕ್ರಮವನ್ನು ವಿಧಿಸಿದರು. ವಸ್ತುವನ್ನು ಹೆಸರಿಸುವುದು ಉದ್ದೇಶ. ಅದನ್ನು ಇತರ ವಸ್ತುಗಳಿಂದ ಬೇರ್ಪಡಿಸಿ ತೋರಿಸುವುದು ಲಕ್ಷಣ. ಆ ಲಕ್ಷಣವು ಸಲ್ಲುವುದೇ ಎಂದು ವಿಚಾರಿಸುವುದು ಪರೀಕ್ಷೆ. ವಾತ್ಸ್ಯಾಯನನ ನ್ಯಾಯಭಾಷ್ಯದಲ್ಲಿ ಹೇಳಿರುವ ಈ ಮೂರು ಮೆಟ್ಟಿಲುಗಳು ಇಂದಿನ ಕೃತಕ ಬುದ್ಧಿಮತ್ತೆಯ ಕ್ಷೇತ್ರದಲ್ಲಿಯೂ ದಾರಿ ತೋರಬಲ್ಲವೆಂಬುದು ಗಮನಾರ್ಹವಾದ ಸಂಗತಿ.

ಭಾಷಾಮಾದರಿಯು ತಾನೇ ಕಡತವನ್ನು ತೆರೆಯಲಾರದು, ಪತ್ರವನ್ನು ರವಾನಿಸಲಾರದು. ಆ ಕೆಲಸಗಳಿಗೆಂದು ಅದಕ್ಕೆ ಟೂಲ್ ಎಂದು ಕರೆಯಲ್ಪಡುವ ಉಪಕರಣಗಳನ್ನು ಒದಗಿಸಲಾಗುತ್ತದೆ. ಮಾದರಿಯು ಬೇಕಾದ ಉಪಕರಣದ ಹೆಸರನ್ನೂ ಅದಕ್ಕೆ ಕೊಡಬೇಕಾದ ಮಾಹಿತಿಯನ್ನೂ ಬರೆದು ಸೂಚಿಸುತ್ತದೆ. ಬೇರೊಂದು ಕ್ರಮವಿಧಿಯು ಅದನ್ನು ನಡೆಸಿ ಫಲವನ್ನು ಹಿಂದಿರುಗಿಸುತ್ತದೆ. ಫಲವನ್ನು ನೋಡಿ ಮುಂದಿನ ಹೆಜ್ಜೆಯನ್ನು ಗೊತ್ತುಮಾಡುತ್ತ ಸಾಗುವ ಇಂತಹ ವ್ಯವಸ್ಥೆಗೆ ಏಜೆಂಟ್ ಎಂದು ಹೆಸರು. 2023ರ ಜೂನ್ ತಿಂಗಳಲ್ಲಿ ಓಪನ್‌ಎಐ ಸಂಸ್ಥೆಯು ತನ್ನ ಮಾದರಿಗಳಿಗೆ ಈ ಸೌಕರ್ಯವನ್ನು ಒದಗಿಸಿತು. 2024ರ ನವೆಂಬರಿನಲ್ಲಿ ಆಂಥ್ರೋಪಿಕ್ ಸಂಸ್ಥೆಯು ಉಪಕರಣಗಳನ್ನು ಜೋಡಿಸುವುದಕ್ಕೆ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್ ಎಂಬ ಮುಕ್ತ ನಿಯಮಾವಳಿಯನ್ನು ಪ್ರಕಟಿಸಿತು. ಎರಡರಲ್ಲಿಯೂ ಮಾದರಿಗೆ ಉಪಕರಣದ ಪರಿಚಯವಾಗುವುದು ಮುಖ್ಯವಾಗಿ ಮೂರರಿಂದ: ಹೆಸರು, ವಿವರಣೆ ಮತ್ತು ಕೊಡಬೇಕಾದ ಮಾಹಿತಿಯ ಪಟ್ಟಿ. ಉಪಕರಣದ ಒಳರಚನೆ ಸಾಮಾನ್ಯವಾಗಿ ಅದಕ್ಕೆ ಕಾಣದು. ಆದುದರಿಂದ ಮಾತು ಕೆಟ್ಟರೆ ಕೆಲಸವೂ ಕೆಡುತ್ತದೆ.

ಮೊದಲು ಹೆಸರಿನ ವಿಚಾರ. ವಿದ್ಯಾರ್ಥಿಗಳ ದಾಖಲೆಗಳನ್ನು ಏಜೆಂಟಿನ ಮೂಲಕ ನೋಡಿಕೊಳ್ಳುವ ಒಂದು ಶಾಲಾ ಕಚೇರಿಯನ್ನು ಊಹಿಸಿಕೊಳ್ಳಬಹುದು. ಅಲ್ಲಿ ಒಂದು ಉಪಕರಣಕ್ಕೆ ‘ದಾಖಲೆ ತೆಗೆ’ ಎಂದು ಹೆಸರಿಟ್ಟರೆ ಅರ್ಥವೇನು? ಬಾಗಿಲು ತೆಗೆ ಎಂದರೆ ತೆರೆ. ಪೆಟ್ಟಿಗೆಯಿಂದ ಪುಸ್ತಕ ತೆಗೆ ಎಂದರೆ ಹೊರಕ್ಕೆ ತಾ. ಪಟ್ಟಿಯಿಂದ ಹೆಸರು ತೆಗೆ ಎಂದರೆ ಅಳಿಸು. ಮನುಷ್ಯನಾದರೆ ಸಂದರ್ಭವನ್ನು ನೋಡಿ ಅರ್ಥಮಾಡಿಕೊಂಡಾನು, ಸಂಶಯ ಬಂದರೆ ಕೇಳಿಯಾನು. ಯಂತ್ರವು ಎಲ್ಲ ವೇಳೆಯಲ್ಲಿಯೂ ಕೇಳುವುದಿಲ್ಲ. ‘ದಾಖಲೆ ಓದು’, ‘ದಾಖಲೆ ಅಳಿಸು’ ಎಂದು ಬೇರೆ ಬೇರೆ ಹೆಸರಿಟ್ಟಲ್ಲಿ ಈ ಗೊಂದಲಕ್ಕೆ ಎಡೆಯೇ ಇಲ್ಲ.

ಎರಡನೆಯದು ಲಕ್ಷಣ. ಅದಕ್ಕೆ ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವಗಳೆಂಬ ಮೂರು ದೋಷಗಳುಂಟು. ಹಸುವಿಗೆ ಕಪಿಲವರ್ಣವನ್ನು ಲಕ್ಷಣವೆಂದರೆ ಬಿಳಿಯ ಹಸು ಹೊರಗುಳಿಯುತ್ತದೆ. ಕೊಂಬುಳ್ಳದ್ದೆಂದರೆ ಎಮ್ಮೆಯೂ ಒಳಬರುತ್ತದೆ. ಒಂಟಿ ಗೊರಸಿನದೆಂದರೆ ಯಾವ ಹಸುವಿಗೂ ಸಲ್ಲದು. ಉಪಕರಣದ ವಿವರಣೆಯಲ್ಲಿಯೂ ಹೀಗೆಯೇ. ಎಲ್ಲ ತರಗತಿಗಳ ಅಂಕಗಳನ್ನು ಕೊಡುವ ಉಪಕರಣವನ್ನು ‘ಹತ್ತನೆಯ ತರಗತಿಯ ಅಂಕಗಳನ್ನು ಕೊಡುತ್ತದೆ’ ಎಂದು ಬರೆದರೆ, ಎಂಟನೆಯ ತರಗತಿಯ ಅಂಕ ಬೇಕಾದಾಗ ಏಜೆಂಟು ಅದನ್ನು ಬಳಸದೆ ಬಿಡಬಹುದು, ಇದು ಅವ್ಯಾಪ್ತಿ. ‘ವಿದ್ಯಾರ್ಥಿಯ ಮಾಹಿತಿಯನ್ನು ನಿರ್ವಹಿಸುತ್ತದೆ’ ಎಂದರೆ ಓದುವುದಕ್ಕೂ ತಿದ್ದುವುದಕ್ಕೂ ಅಳಿಸುವುದಕ್ಕೂ ಆ ಮಾತು ಅನ್ವಯಿಸುತ್ತದೆ, ಇದು ಅತಿವ್ಯಾಪ್ತಿ. ಉಪಕರಣವು ಕೊಡದಿರುವ ಪೋಷಕರ ವಿಳಾಸವನ್ನು ಕೊಡುತ್ತದೆಂದು ಬರೆದರೆ ಅದು ಅಸಂಭವ. ಸಿಗದ ವಿಳಾಸವನ್ನು ಮಾದರಿಯು ಕಲ್ಪಿಸಿಕೊಂಡು ಬರೆಯುವ ಅಪಾಯವೂ ಉಂಟು.

ಒಳ್ಳೆಯ ವಿವರಣೆಯು ಉಪಕರಣವು ಏನು ಮಾಡುತ್ತದೆ, ಯಾವಾಗ ಬಳಸಬೇಕು, ಯಾವಾಗ ಬಳಸಬಾರದು, ಏನನ್ನು ಹಿಂದಿರುಗಿಸುತ್ತದೆ ಎಂಬ ನಾಲ್ಕನ್ನೂ ಹೇಳಬೇಕು. ಕೊಡಬೇಕಾದ ಮಾಹಿತಿಯ ರೂಪವನ್ನೂ ಸ್ಪಷ್ಟಪಡಿಸಬೇಕು. ‘ಜನ್ಮದಿನಾಂಕ’ ಎಂದಷ್ಟೇ ಬರೆದರೆ 03-04-2012 ಎಂಬುದು ಭಾರತದಲ್ಲಿ ಏಪ್ರಿಲ್ 3 ಆಗುತ್ತದೆ, ಅಮೆರಿಕದ ರೂಢಿಯಲ್ಲಿ ಮಾರ್ಚ್ 4 ಆಗುತ್ತದೆ. ‘ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ, ಉದಾಹರಣೆಗೆ 2012-04-03’ ಎಂದರೆ ಸಂದೇಹ ನೀಗುತ್ತದೆ. ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಸೂತ್ರಕ್ಕೆ ವೃತ್ತಿಯನ್ನೂ ಪ್ರಯೋಗವನ್ನೂ ಜೋಡಿಸಿದ್ದು ಇಂತಹ ಸಂದೇಹ ಉಳಿಯಬಾರದೆಂದೇ. ಹಾಗೆಂದು ವಿವರಣೆಯು ಅತಿಯಾಗಿ ಬೆಳೆಯಲೂ ಬಾರದು. ಮಾದರಿಯು ಒಮ್ಮೆಗೆ ಗಮನಿಸಬಲ್ಲ ಬರೆಹಕ್ಕೆ ಮಿತಿಯಿದೆ. ಉಪಕರಣಗಳ ವಿವರಣೆಗಳೂ ಆ ಮಿತಿಯೊಳಗೇ ಜಾಗವನ್ನು ಪಡೆಯುತ್ತವೆ.

ಮೂರನೆಯದು ಪರೀಕ್ಷೆ. ಬರೆದವನಿಗೆ ಬರೆದದ್ದೆಲ್ಲ ಸ್ಪಷ್ಟವಾಗಿಯೇ ತೋರುತ್ತದೆ. ಆದುದರಿಂದ ಜನರು ನಿಜವಾಗಿ ಕೇಳುವಂತಹ ಪ್ರಶ್ನೆಗಳನ್ನು ಏಜೆಂಟಿಗೆ ಒಡ್ಡಿ, ಅದು ಯಾವ ಉಪಕರಣವನ್ನು ಆರಿಸಿತು, ಏನನ್ನು ತುಂಬಿತು ಎಂದು ಪರಿಶೀಲಿಸಬೇಕು. ಆಯ್ಕೆ ತಪ್ಪಿದಲ್ಲಿ ಎರಡು ವಿವರಣೆಗಳನ್ನು ಅಕ್ಕಪಕ್ಕದಲ್ಲಿಟ್ಟು ಎಲ್ಲಿ ಒಂದರ ಮೇಲೊಂದು ಬಿದ್ದಿವೆಯೆಂದು ನೋಡಿ ತಿದ್ದಬೇಕು.

ಆದರೆ ಎಷ್ಟೇ ನಿರ್ದುಷ್ಟವಾದ ವಾಕ್ಯವಾದರೂ ಬೀಗದ ಕೆಲಸವನ್ನು ಮಾಡಲಾರದು. ಮೇಲೆ ಹೇಳಿದ ನಿಯಮಾವಳಿಯಲ್ಲಿ, ಇದು ಓದುವ ಉಪಕರಣ, ಇದು ನಾಶಮಾಡಬಲ್ಲ ಉಪಕರಣ ಎಂದು ಸೂಚಿಸುವ ಗುರುತುಗಳಿಗೆ 2025ರಲ್ಲಿ ಅವಕಾಶವಾಯಿತು. ನಂಬಲರ್ಹ ಮೂಲದಿಂದ ಬಾರದ ಗುರುತುಗಳನ್ನು ನಂಬಬಾರದೆಂದೂ ಅದೇ ನಿಯಮಾವಳಿ ಎಚ್ಚರಿಸುತ್ತದೆ. ವಿವರಣೆಯೊಳಗೇ ಕಪಟದ ಆಜ್ಞೆಗಳನ್ನು ಅಡಗಿಸಿ ಏಜೆಂಟನ್ನು ದಾರಿತಪ್ಪಿಸಬಹುದೆಂಬುದನ್ನು ಅದೇ ವರ್ಷ ಭದ್ರತಾ ಸಂಶೋಧಕರು ತೋರಿಸಿಕೊಟ್ಟರು. ಆದುದರಿಂದ ದಾಖಲೆಯನ್ನು ಅಳಿಸುವಂತಹ ಕಾರ್ಯಕ್ಕೆ ಮನುಷ್ಯನ ಒಪ್ಪಿಗೆ ಇರಲೇಬೇಕು. ಅಳಿದುಹೋದ ಒಂದು ಸಾಲು ಒಬ್ಬ ವಿದ್ಯಾರ್ಥಿಯ ವರ್ಗಾವಣೆ ಪತ್ರವಾಗಿರಬಹುದು, ಅವನ ಮುಂದಿನ ವ್ಯಾಸಂಗವೇ ಅದನ್ನು ಅವಲಂಬಿಸಿರಬಹುದು.

ಯಂತ್ರವು ಹೊಸದು, ಅದಕ್ಕೆ ಬೇಕಾದ ಭಾಷಾಶಿಸ್ತು ಹಳೆಯದು. ‘ಹಸು’ ಎಂಬ ವಿಷಯದ ಮೇಲೆ ನಾಲ್ಕು ಸಾಲು ಬರೆಯಿಸಿ, ‘ಇದು ಎಮ್ಮೆಗೂ ಹೊಂದುವುದಲ್ಲವೆ?’ ಎಂದು ಕೇಳುವ ಉಪಾಧ್ಯಾಯರು ತರಗತಿಯಲ್ಲಿ ಕಲಿಸುತ್ತಿರುವುದು ಇದೇ ಶಿಸ್ತನ್ನು. ಆ ಪ್ರಶ್ನೆಯನ್ನು ಕೇಳಿ ಬೆಳೆದ ವಿದ್ಯಾರ್ಥಿಯು ನಾಳೆ ಯಂತ್ರಕ್ಕಾಗಿ ಬರೆಯಲಿ, ಮನುಷ್ಯರಿಗಾಗಿ ಬರೆಯಲಿ, ಅವನ ಮಾತು ಗುರಿತಪ್ಪದು.